ಇವರ ಗಾಲ್ಫ್ ಕೋಲು ಮೂಲೆ ಸೇರಿದಾಗ

"ರೀ, ಕಾಫಿ ಆರಿ ತಣ್ಣಗಾಯ್ತು."

ಉತ್ತರವಿಲ್ಲ. ಇವರು ಕಿಟಕಿಯ ಪಕ್ಕ ನಿಂತು ಹೊರಗೆ ನೋಡುತ್ತಲೇ ಇದ್ದಾರೆ. ಹೊರಗೆ ಅಂಥದ್ದೇನಿದೆ ಅಂತೀರಾ? ಏನೂ ಇಲ್ಲ. ಅಂಗಳ, ರಸ್ತೆ, ಎದುರು ಮನೆಯ ಮಾಡು, ಎಲ್ಲದರ ಮೇಲೂ ರಾತ್ರಿ ಬಿದ್ದ ಹಿಮ. ಹತ್ತಿ ಹಿಂಜಿ ಹರವಿದ ಹಾಗೆ ಬೆಳ್ಳಗೆ. ಮೊದಲ ಸಲ ನೋಡುವವರಿಗೆ ಸ್ವರ್ಗ. ನಮ್ಮ ಯಜಮಾನರಿಗೆ ಮಾತ್ರ ಅದು ಸೂತಕದ ಮನೆ. ಯಾಕೆಂದರೆ ಆ ಹಿಮದ ಅಡಿಯಲ್ಲಿ ಅವರ ಗಾಲ್ಫ್ ಮೈದಾನ ಮುಚ್ಚಿಹೋಗಿದೆ. ಇನ್ನು ಐದು ತಿಂಗಳು ಅದರ ಮುಖ ನೋಡುವ ಹಾಗಿಲ್ಲ.

ನಾವಿರುವುದು ಅಮೆರಿಕದ ಉತ್ತರ ತುದಿಯ ಮಿನ್ನೆಸೋಟ ರಾಜ್ಯದಲ್ಲಿ, ಮಿನ್ನಿಯಾಪೊಲಿಸ್ ಪಟ್ಟಣದ ಹತ್ತಿರ. ನಾನು ತೀರ್ಥಹಳ್ಳಿ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮನೆಯಲ್ಲಿ ಹಪ್ಪಳ ಸಂಡಿಗೆ ಕಲಿತು, ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. "ಅಲ್ಲಾ ಇವಳೇ, ಅಮೆರಿಕದಲ್ಲಿ ಶ್ರೀಮಂತರು ಆಡುವ ಆಟ ನಿಂತರೆ ನಮಗೇನಾಗಬೇಕು?" ಅಂತ ನೀವು ಪುಟ ತಿರುಗಿಸಬೇಡಿ. ಇದು ಆಟದ ಕತೆ ಅಂತ ನಾನೂ ಮೊದಲು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇದು ಮನೆಯ ಕತೆ. ಮಗನೋ ಮಗಳೋ ಚಳಿದೇಶದಲ್ಲಿದ್ದು, ಬಾಣಂತನಕ್ಕೆ ಅಂತ ಆರು ತಿಂಗಳು ಹೋಗಿ ಬರುವ ತಾಯಂದಿರು ಈಗ ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ! ಅವರಿಗಂತೂ ಇದು ಬೇಕಾದೀತು.

ಸವತಿ ಬಂದ ಬಗೆ

ಏಳೆಂಟು ವರ್ಷದ ಹಿಂದೆ ಇವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ದಿನಾ ನಡೀರಿ" ಅಂದರು. ಇವರು ನಡೆಯುವುದು ಅಂದರೆ ಸೋಫಾದಿಂದ ಫ್ರಿಜ್ಜಿಗೆ. ಆಗ ಆಫೀಸಿನ ಒಬ್ಬರು ಸ್ನೇಹಿತರು ಒಂದು ಭಾನುವಾರ ಇವರನ್ನು ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದರು. ಅಷ್ಟೇ, ಹೋದವರು ಹೋದರು!

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಹುಲ್ಲುಗಾವಲು. ಅದರಲ್ಲಿ ದೂರ ದೂರಕ್ಕೆ 18 ಕುಳಿ. ನಿಂಬೆಹಣ್ಣಿನಷ್ಟು ದಪ್ಪದ ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ, ಆದಷ್ಟು ಕಡಿಮೆ ಹೊಡೆತದಲ್ಲಿ ಒಂದೊಂದೇ ಕುಳಿಗೆ ಬೀಳಿಸುತ್ತಾ ಹೋಗಬೇಕು. ನಮ್ಮ ಕಡೆಯ ಹುಡುಗರ ಗೋಲಿಯಾಟವನ್ನು ಹತ್ತಾರು ಎಕರೆಗೆ ಹಿಗ್ಗಿಸಿದರೆ ಹೇಗೋ ಹಾಗೆ. ಚೀಲದಲ್ಲಿ 14 ಕೋಲು ಇಟ್ಟುಕೊಳ್ಳಬಹುದು, ಹದಿನೈದನೆಯದು ನಿಯಮಕ್ಕೆ ವಿರುದ್ಧ. ಗಾಡಿ ಹತ್ತದೆ ಕಾಲ್ನಡಿಗೆಯಲ್ಲಿ 18 ಕುಳಿ ಮುಗಿಸಿದರೆ ಏಳೆಂಟು ಕಿಲೋಮೀಟರು ನಡೆದಂತೆ. ಡಾಕ್ಟರು ಹೇಳಿ ಹೇಳಿ ಸೋತದ್ದನ್ನು ಒಂದು ಚೆಂಡು ಮಾಡಿಸಿತು.

ಶ್ರೀಮಂತರ ಆಟ ಅನ್ನುವುದೂ ಅಲ್ಲಿ ಪೂರ್ತಿ ನಿಜವಲ್ಲ. ಮಿನ್ನಿಯಾಪೊಲಿಸ್ಸಿನಲ್ಲಿ ಊರಿನ ಉದ್ಯಾನ ಮಂಡಳಿಯವರೇ ನಡೆಸುವ ಮೈದಾನಗಳಿವೆ. ನಮ್ಮ ಮುನಿಸಿಪಾಲಿಟಿ ಪಾರ್ಕಿದ್ದ ಹಾಗೆ, ದುಡ್ಡು ಕೊಟ್ಟು ಯಾರು ಬೇಕಾದರೂ ಆಡಬಹುದು. ಇವರ ಜೊತೆಗಾರರು ಮೂವರು: ಒಬ್ಬರು ನಿವೃತ್ತ ಶಾಲಾ ಮಾಸ್ತರು, ಒಬ್ಬರು ಲಾರಿ ಓಡಿಸುವವರು, ಇನ್ನೊಬ್ಬರು ಆಂಧ್ರದವರು. ಶನಿವಾರ ಬೆಳಿಗ್ಗೆ ನಾಲ್ಕೂ ಜನ ಸೇರಿದರೆ ಮಧ್ಯಾಹ್ನದ ಊಟಕ್ಕೂ ಬರುವುದಿಲ್ಲ.

ಅಲ್ಲಿನ ಹೆಂಗಸರು ನನ್ನಂಥವರನ್ನು "ಗಾಲ್ಫ್ ವಿಧವೆ" ಅಂತ ತಮಾಷೆಗೆ ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ಶಾಂತಂ ಪಾಪಂ ಅಂತ ತಾಳಿ ಮುಟ್ಟಿ ನೋಡಿಕೊಂಡೆ! ನಾನಿಟ್ಟ ಹೆಸರು "ಸವತಿ". ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸವತಿಯ ಪಾಳಿ, ಉಳಿದ ತಿಂಗಳು ನನ್ನದು. ಹಿಮ ಬಿದ್ದ ದಿನ ಒಳಗೊಳಗೇ ಖುಷಿಪಟ್ಟವಳು ನಾನು, ಸುಳ್ಳು ಯಾಕೆ ಹೇಳಲಿ?

ಮೈದಾನ ಮಲಗುವ ಹೊತ್ತು

ಆಟ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಮೇಪಲ್ ಮರದ ಎಲೆ ಕೆಂಪಾಗುತ್ತದೆ. ಅಕ್ಟೋಬರಿನಲ್ಲಿ ಬೆಳಗಿನ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿ ಬೆಳ್ಳಗೆ ಕೂರುತ್ತದೆ. ಅದು ಕರಗುವ ತನಕ ಯಾರನ್ನೂ ಒಳಗೆ ಬಿಡುವುದಿಲ್ಲ. ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಕಾಲಿಟ್ಟರೆ ಎಲೆ ಒಳಗೇ ಒಡೆದು, ಆಮೇಲೆ ಹೆಜ್ಜೆಯ ಆಕಾರಕ್ಕೆ ಸರಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದಂತೆ. ಚಳಿಗೆ ಚೆಂಡೂ ಬಿರುಸಾಗಿ, ಬೇಸಿಗೆಯಲ್ಲಿ ಹಾರಿದಷ್ಟು ದೂರ ಹಾರುವುದಿಲ್ಲ. "ನನಗೆ ವಯಸ್ಸಾಯ್ತೋ, ಚೆಂಡಿಗೆ ವಯಸ್ಸಾಯ್ತೋ?" ಅಂತ ಇವರು ಗೊಣಗುವುದು ಈ ತಿಂಗಳಿನಲ್ಲೇ.

ನಮ್ಮ ರಾಜ್ಯದಲ್ಲಿ ಅಕ್ಟೋಬರ್ 31ರ ನಂತರ ಆಡಿದ ಆಟ ಆಟಗಾರರ ಮಟ್ಟ ಅಳೆಯುವ ಲೆಕ್ಕಕ್ಕೆ ಸೇರುವುದಿಲ್ಲ. ನವೆಂಬರಿನ ಮೊದಲ ಭಾನುವಾರ ದೇಶದ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಗೆ ಸಂಜೆ ಐದಕ್ಕೆಲ್ಲ ಕತ್ತಲು. ಮೈದಾನದವರು ಬಾವುಟ ಕಿತ್ತು ಒಳಗಿಡುತ್ತಾರೆ. ನೆಲದಡಿಯ ನೀರಿನ ಕೊಳವೆಗಳಿಗೆ ಗಾಳಿ ಊದಿ ಒಂದು ಹನಿ ನೀರೂ ಉಳಿಯದ ಹಾಗೆ ಮಾಡುತ್ತಾರೆ, ಇಲ್ಲದಿದ್ದರೆ ನೀರು ಮಂಜುಗಡ್ಡೆಯಾಗಿ ಕೊಳವೆ ಸೀಳುತ್ತದೆ. ಹಿಮದಡಿಯಲ್ಲಿ ಹುಲ್ಲಿಗೆ ಬೂಸಲು ಹಿಡಿಯದ ಹಾಗೆ ಔಷಧಿ ಹೊಡೆಯುತ್ತಾರೆ. ಒಟ್ಟಿನಲ್ಲಿ ಮೈದಾನವನ್ನು ಮಗುವಿನ ಹಾಗೆ ಹೊದೆಸಿ ಮಲಗಿಸುತ್ತಾರೆ. ಹುಲ್ಲು ಸಾಯುವುದಿಲ್ಲ, ನಿದ್ದೆ ಮಾಡುತ್ತದೆ.

ಹುಲ್ಲಿಗೆ ಇಷ್ಟೆಲ್ಲ ಉಪಚಾರ. ಅದರ ಮೇಲೆ ಏಳು ತಿಂಗಳು ನಡೆದಾಡಿದ ಮನುಷ್ಯನಿಗೆ? ಅದನ್ನು ನಾನು ಯೋಚನೆ ಮಾಡಿರಲಿಲ್ಲ.

ಆ ಒಂದು ಚಳಿಗಾಲ

2020ರಿಂದ ಇವರಿಗೆ ಮನೆಯಲ್ಲೇ ಆಫೀಸು ಕೆಲಸ. ಮಗ ಕಾಲೇಜಿಗೆ ಅಂತ ಬೇರೆ ಊರು ಸೇರಿದ. ಮನೆಯಲ್ಲಿ ನಾವಿಬ್ಬರೇ. 2022-23ರ ಚಳಿಗಾಲ ಬಂತು. ಆ ವರ್ಷ ಮಿನ್ನಿಯಾಪೊಲಿಸ್ ಸುತ್ತಮುತ್ತ ಬಿದ್ದ ಹಿಮ ಒಟ್ಟು ಸುಮಾರು 90 ಇಂಚು, ಆಳೆತ್ತರಕ್ಕಿಂತ ಹೆಚ್ಚು!

ಡಿಸೆಂಬರಿನಲ್ಲಿ ಇವರು ಮಾತು ಕಡಿಮೆ ಮಾಡಿದರು. ಕಂಪ್ಯೂಟರಿನಿಂದ ಎದ್ದವರು ಟೀವಿ ಮುಂದೆ ಕೂರುವರು. ಟೀವಿಯಲ್ಲಿ ಎಲ್ಲೋ ಬಿಸಿಲೂರಿನಲ್ಲಿ ಯಾರೋ ಗಾಲ್ಫ್ ಆಡುತ್ತಿರುತ್ತಾರೆ. ಪಕ್ಕದಲ್ಲಿ ಖಾರದ ಕಡ್ಲೆಕಾಯಿ, ಚಕ್ಕುಲಿ. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ. ಏನು ಕೇಳಿದರೂ "ಹೂಂ", "ಉಹೂಂ". ನಾನು ಬಯಸಿದ್ದ ಗಂಡ ಮನೆಗೆ ಬಂದಿರಲಿಲ್ಲ, ಅವರ ಕೋಟು ಮಾತ್ರ ಕುರ್ಚಿಯ ಮೇಲೆ ಬಂದು ಕೂತಿತ್ತು ಅನ್ನಿ.

ನಾನೂ ಸುಮ್ಮನಿರುವವಳಲ್ಲ. "ಐವತ್ತು ದಾಟಿದವರು ಒಂದು ಚೆಂಡಿಗೋಸ್ಕರ ಹೀಗೆ ಮುಖ ಊದಿಸಿಕೊಳ್ತಾರಾ? ಈ ಕೋಲುಗಳನ್ನೆಲ್ಲ ಒಲೆಗೆ ಹಾಕ್ತೀನಿ ನೋಡಿ" ಅಂದೆ. ಅವಕ್ಕೆಲ್ಲ ಕಬ್ಬಿಣದ ತಲೆ, ನಮ್ಮನೆಯದು ಕರೆಂಟ್ ಒಲೆ, ಅದು ಬೇರೆ ಮಾತು. ಇವರು ನಗಲೂ ಇಲ್ಲ, ಬೈಯಲೂ ಇಲ್ಲ. ಎದ್ದು ಒಳಗೆ ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಫೆಬ್ರವರಿಯಲ್ಲಿ ರಕ್ತ ಪರೀಕ್ಷೆಗೆ ಹೋದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯೊಂದಿದೆಯಲ್ಲ, ಅದು ಆಟದ ಕಾಲದಲ್ಲಿ 6.8 ಇದ್ದದ್ದು 8.1ಕ್ಕೆ ಏರಿತ್ತು. ಡಾಕ್ಟರು ಮಾತ್ರೆ ಹೆಚ್ಚಿಸಿ, "ಹೀಗೇ ಹೋದರೆ ಮುಂದೆ ಇನ್ಸುಲಿನ್" ಅಂದರು. ಮಾವನವರು ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರು. ಕಾರಿನಲ್ಲಿ ವಾಪಸು ಬರುವಾಗ ಇಬ್ಬರೂ ಮಾತಾಡಲಿಲ್ಲ.

ಅವತ್ತು ರಾತ್ರಿ ನೀರು ಕುಡಿಯಲು ಎದ್ದರೆ ಪಕ್ಕದಲ್ಲಿ ಇವರಿಲ್ಲ. ಕಾರು ನಿಲ್ಲಿಸುವ ಕೋಣೆಯಲ್ಲಿ ದೀಪ. ಮೈನಸ್ ಚಳಿಯಲ್ಲಿ ಶಾಲು ಹೊದ್ದು, ಮೊಗಚಿಟ್ಟ ಬಕೆಟ್ಟಿನ ಮೇಲೆ ಕೂತು ಒಂದು ಕೋಲನ್ನು ಬಟ್ಟೆಯಿಂದ ಒರೆಸುತ್ತಿದ್ದಾರೆ. ನನಗೆ ಹೊಟ್ಟೆಯೊಳಗೆ ಕಲೆಸಿದಂತಾಯಿತು.

"ಏನ್ರೀ ಇದು, ಈ ಹೊತ್ತಲ್ಲಿ?"

ಸ್ವಲ್ಪ ಹೊತ್ತು ಬಿಟ್ಟು ಅಂದರು: "ಅಲ್ಲಿ ಮೂರು ಜನ ನನ್ನ ಹೆಸರು ಹಿಡಿದು ಕೂಗ್ತಾರೆ ಮಾರಾಯ್ತಿ. ಇಲ್ಲಿ ವಾರವಾದರೂ ಯಾರೂ ಕೂಗಲ್ಲ."

ನಾನು ಇವರ ಹೆಸರು ಹಿಡಿದು ಕೂಗುವವಳಲ್ಲ, "ರೀ" ಅನ್ನುವವಳು. ಆಫೀಸಿನವರು ಕಂಪ್ಯೂಟರಿನಲ್ಲಿ ಮಾತಾಡುತ್ತಾರೆ. ಮಗ ವಾರಕ್ಕೊಂದು ಫೋನು. ಇವರು ಕಳೆದುಕೊಂಡದ್ದು ಆಟವನ್ನಲ್ಲ ಅಂತ ನನಗೆ ಹೊಳೆದದ್ದು ಆಗಲೇ.

ಅಮ್ಮ ಹೇಳಿದ ಮಾತು

ಮರುದಿನ ಊರಿಗೆ ಫೋನು ಮಾಡಿ ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡು ಅತ್ತೆ. ಅಮ್ಮನಿಗೆ ಗಾಲ್ಫೂ ಗೊತ್ತಿಲ್ಲ, ಹಿಮವೂ ಗೊತ್ತಿಲ್ಲ. ಎಲ್ಲ ಕೇಳಿ ಒಂದೇ ಮಾತು ಅಂದರು: "ಅಲ್ವೇ ಹುಡುಗಿ, ಮಳೆ ಹಿಡಿದ ಮೇಲೆ ಯಾರಾದ್ರೂ ಕಟ್ಟಿಗೆ ಒಣಗಿಸ್ತಾರೇನೇ?"

ಮಲೆನಾಡಿನ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನಿನಿಂದ ಮೂರು ನಾಲ್ಕು ತಿಂಗಳು ಜಡಿಮಳೆ. ಅಂಗಳಕ್ಕಿಳಿಯುವ ಹಾಗಿಲ್ಲ, ಬಟ್ಟೆ ಒಣಗುವುದಿಲ್ಲ, ಸೂರ್ಯನ ಮುಖವಿಲ್ಲ. ಆದರೂ ನಮ್ಮ ಅಜ್ಜಿಯರು ಹೆದರಿದ್ದುಂಟೇ? ಏಪ್ರಿಲ್ ಮೇ ತಿಂಗಳಲ್ಲೇ ಕಟ್ಟಿಗೆ ಒಡೆಸಿ ಕೊಟ್ಟಿಗೆ ಪಕ್ಕ ಪೇರಿಸುತ್ತಿದ್ದರು. ಹಲಸಿನ ಹಪ್ಪಳ ಅಟ್ಟ ಸೇರುತ್ತಿತ್ತು, ಮಾವಿನ ಮಿಡಿ ಭರಣಿ ಸೇರುತ್ತಿತ್ತು. ಮಳೆ ಶುರುವಾದ ಮೇಲೆ ಬೇಕಾದ್ದು ಏನೇನು ಅಂತ ಬಿಸಿಲಿರುವಾಗಲೇ ಲೆಕ್ಕ ಹಾಕುತ್ತಿದ್ದರು. ನಾನು ಅದೇ ಮನೆಯಲ್ಲಿ ಬೆಳೆದವಳು. ಇಲ್ಲಿ ಕಂಬಳಿ, ಕೋಟು, ಬೂಟು ಎಲ್ಲ ಜೋಡಿಸಿದೆ, ಗಂಡನ ಮನಸ್ಸಿಗೆ ಒಂದು ಕಟ್ಟಿಗೆ ಚೂರನ್ನೂ ಕೂಡಿಟ್ಟಿರಲಿಲ್ಲ.

ಒಂದು ಹಾಳೆ ತೆಗೆದುಕೊಂಡು ಇವರನ್ನೇ ಎದುರು ಕೂರಿಸಿಕೊಂಡೆ. "ಆಟ ನಿಂತಾಗ ನಿಮ್ಮಿಂದ ಏನೇನು ಹೋಗುತ್ತೆ, ಹೇಳಿ" ಅಂದೆ. ನಾಲ್ಕು ಬಾಬತ್ತು ಸಿಕ್ಕವು: ನಡಿಗೆ, ಬೆಳಕು, ಜನ, ಮತ್ತೆ ಆಟ. ಆಟಕ್ಕೆ ನಾಲ್ಕನೆಯ ಸ್ಥಾನ! ಆಟವನ್ನು ವಾಪಸು ತರಲಾಗದು, ಉಳಿದ ಮೂರಕ್ಕೆ ಬೇರೆ ದಾರಿ ಹುಡುಕಬಹುದಲ್ಲ ಅಂತ ಇಬ್ಬರೂ ಒಪ್ಪಿಕೊಂಡೆವು. ಮುಂದಿನ ಅಕ್ಟೋಬರಿನಲ್ಲಿ, ಇನ್ನೂ ಮೈದಾನ ತೆರೆದಿರುವಾಗಲೇ, ಒಂದೊಂದಾಗಿ ಹೊಂದಿಸಿದೆವು.

ನಡಿಗೆಗೆ

ಜನವರಿಯಲ್ಲಿ ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುವುದು ಇಲ್ಲಿ ಅಪರೂಪವಲ್ಲ. ರಸ್ತೆಯ ಮೇಲೆ ಕನ್ನಡಿಯಂಥ ಮಂಜುಗಡ್ಡೆ. ಹಾಗಾದರೆ ನಡೆಯುವುದೆಲ್ಲಿ? ದೊಡ್ಡ ಅಂಗಡಿ ಸಂಕೀರ್ಣದೊಳಗೆ. ಇಲ್ಲಿ 1992ರಲ್ಲಿ ತೆರೆದ "ಮಾಲ್ ಆಫ್ ಅಮೆರಿಕ" ಅಂತ ಇದೆ. ಒಂದು ಮಹಡಿ ಪೂರ್ತಿ ಸುತ್ತಿದರೆ ಅರ್ಧ ಮೈಲಿಗೂ ಹೆಚ್ಚು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಅಜ್ಜ ಅಜ್ಜಿಯರು ಬೂಟು ಕಟ್ಟಿಕೊಂಡು ಸುತ್ತುತ್ತಿರುತ್ತಾರೆ. ಸೋಜಿಗವೆಂದರೆ ಅದರ ಓಡಾಡುವ ಜಾಗಕ್ಕೆ ಬಿಸಿ ಮಾಡುವ ಯಂತ್ರವೇ ಇಲ್ಲ. ಗಾಜಿನ ಮಾಡಿನ ಬಿಸಿಲು, ದೀಪ ಮತ್ತು ಜನರ ಮೈಶಾಖವೇ ಸಾಕಂತೆ.

ವಾರಕ್ಕೆ ಮೂರು ದಿನ ಅಲ್ಲಿ ಸುತ್ತು. ಉಳಿದ ದಿನ ಊಟವಾದ ಮೇಲೆ ಮನೆಯೊಳಗೇ ಹತ್ತು ಹದಿನೈದು ನಿಮಿಷ. ಊಟದ ನಂತರದ ಸಣ್ಣ ನಡಿಗೆ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ, ಇದು ನಿಮ್ಮ ಊರಿನಲ್ಲಿ ಕೂತವರಿಗೂ ಅಷ್ಟೇ ನಿಜ. ಜಗಲಿಯ ಉದ್ದಕ್ಕೆ ನಡೆದರೂ ಆಯಿತು.

ಹಿಮ ಚೆನ್ನಾಗಿದ್ದರೆ ಇನ್ನೊಂದು ಸೊಗಸಿದೆ. ಮಿನ್ನಿಯಾಪೊಲಿಸ್ಸಿನ ಥಿಯೋಡರ್ ವಿರ್ತ್ ಉದ್ಯಾನದಲ್ಲಿ 1916ರಷ್ಟು ಹಳೆಯ ಗಾಲ್ಫ್ ಮೈದಾನವಿದೆ. ಚಳಿಗಾಲದಲ್ಲಿ ಅದೇ ಜಾಗ ಹಿಮದ ಮೇಲೆ ಜಾರುವ ಸ್ಕೀಯಿಂಗಿಗೆ ಮೈದಾನ. 2024ರ ಫೆಬ್ರವರಿಯಲ್ಲಿ ಅಲ್ಲಿ ಸ್ಕೀ ವಿಶ್ವಕಪ್ ಪಂದ್ಯವೇ ನಡೆಯಿತು. ಇವರು ಉದ್ದನೆ ಹಲಗೆ ಕಾಲಿಗೆ ಕಟ್ಟಿಕೊಂಡು, ತಾವು ಬೇಸಿಗೆಯಲ್ಲಿ ಚೆಂಡು ಕಳೆದುಕೊಂಡ ಜಾಗದಲ್ಲೇ ನಾಲ್ಕು ಸಲ ಬಿದ್ದರು. ಐದನೆಯ ಸಲ ನಾನು ಬಿದ್ದೆ. ಎಷ್ಟೋ ದಿನದ ಮೇಲೆ ಇಬ್ಬರೂ ಕೂಡಿ ನಕ್ಕದ್ದು ಅವತ್ತು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಚಳಿದೇಶದಲ್ಲಿ ಮೂರು ಎಚ್ಚರ ಬೇಕೇ ಬೇಕು. ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರಬಹುದು, ಚಳಿ ಕಚ್ಚಿದ್ದೂ ತಿಳಿಯುವುದಿಲ್ಲ. ಹೊರಗೆ ಹೋಗಿ ಬಂದ ಕೂಡಲೇ ಕಾಲುಚೀಲ ತೆಗೆಸಿ ಬೆರಳು ಬೆರಳೂ ನೋಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕಾರಿನಲ್ಲಿ ಬಿಡಬಾರದು, ಹೆಪ್ಪುಗಟ್ಟಿದರೆ ಕೆಟ್ಟ ಹಾಗೆಯೇ. ಇನ್ನು ಬಾಗಿಲ ಮುಂದಿನ ಹಿಮ ತೆಗೆಯುವ ಕೆಲಸ. ಐದು ತಿಂಗಳು ಕೂತವರು ಒಮ್ಮೆಗೇ ಸಲಿಕೆ ಹಿಡಿದು ಭಾರ ಎತ್ತಿದರೆ, ಚಳಿಗೆ ಮೊದಲೇ ಬಿಗಿದ ರಕ್ತನಾಳದಿಂದಾಗಿ ಹೃದಯಕ್ಕೆ ಅಪಾಯ. ಎತ್ತಬಾರದು, ತಳ್ಳಬೇಕು. ಸ್ವಲ್ಪ ತಳ್ಳಿ ಸ್ವಲ್ಪ ನಿಲ್ಲಬೇಕು. ಎದೆ ಬಿಗಿದರೆ ಸಲಿಕೆ ಅಲ್ಲೇ ಬಿಟ್ಟು ತಕ್ಷಣ ತುರ್ತು ವೈದ್ಯಕೀಯ ನೆರವು ಕರೆಸಬೇಕು.

ಬೆಳಕಿಗೆ

ಜೂನಿನಲ್ಲಿ ಇಲ್ಲಿ ಹದಿನೈದೂವರೆ ಗಂಟೆ ಹಗಲು. ಡಿಸೆಂಬರ್ 21ರ ಸುಮಾರಿಗೆ ಒಂಬತ್ತು ಗಂಟೆಯೂ ಇಲ್ಲ. ಸೂರ್ಯ ಎಂಟು ಗಂಟೆ ಹತ್ತಿರ ಎದ್ದು, ನಾಲ್ಕೂವರೆಗೆ ಮುಳುಗುತ್ತಾನೆ. ಬೆಳಕು ಕಡಿಮೆಯಾದಂತೆ ಕೆಲವರ ಮನಸ್ಸು ಕುಗ್ಗುತ್ತದೆ: ಅತಿ ನಿದ್ದೆ ಅಥವಾ ನಿದ್ದೆಗೇಡು, ಸಿಹಿ ಹಿಟ್ಟಿನ ಪದಾರ್ಥ ತಿನ್ನುವ ಚಪಲ, ಯಾವುದರಲ್ಲೂ ಉತ್ಸಾಹವಿಲ್ಲ. 1984ರಲ್ಲಿ ಡಾಕ್ಟರ್ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು ಇದನ್ನು ಋತುಮಾನದ ಖಿನ್ನತೆ ಅಂತ ಗುರುತಿಸಿ ಬರೆದರು. ಅಂದರೆ ಇದು ಸೋಮಾರಿತನವಲ್ಲ, ಕಾಯಿಲೆ. ನಾನು "ಮುಖ ಊದಿಸಿಕೊಂಡಿದ್ದಾರೆ" ಅಂದದ್ದು ನೆನೆದು ನಾಚಿಕೆಯಾಯಿತು.

ಇದಕ್ಕೆ ದೀಪದ ಪೆಟ್ಟಿಗೆ ಸಿಗುತ್ತದೆ. 10,000 ಲಕ್ಸ್ ಬೆಳಕಿನದು. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂತರೆ ಸಾಕು. ದೀಪವನ್ನೇ ದಿಟ್ಟಿಸಬೇಕಿಲ್ಲ, ಪಕ್ಕಕ್ಕಿಟ್ಟುಕೊಂಡು ಪೇಪರು ಓದಬಹುದು. ಆದರೆ ಕಣ್ಣಿನ ತೊಂದರೆಯಿರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ಪೆಟ್ಟಾದವರು, ಮನಸ್ಸಿನ ಏರಿಳಿತದ ಕಾಯಿಲೆಯವರು ಡಾಕ್ಟರನ್ನು ಕೇಳದೆ ಬಳಸಬಾರದು. ಇವರನ್ನು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರು ಸೈ ಅಂದ ಮೇಲೆಯೇ ದೀಪ ತಂದದ್ದು. ಈಗ ದೇವರ ದೀಪ ನಾನು ಹಚ್ಚುತ್ತೇನೆ, ಇವರ ದೀಪ ಇವರು ಹಚ್ಚಿಕೊಳ್ಳುತ್ತಾರೆ.

ಮೋಡವಿದ್ದರೂ ಮಧ್ಯಾಹ್ನದ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ತೀರಾ ಚಳಿಯಿಲ್ಲದ ದಿನ ಊಟದ ಹೊತ್ತಿಗೆ ಇಪ್ಪತ್ತು ನಿಮಿಷ ಹೊರಗೆ. ವಿಟಮಿನ್ ಡಿ ಮಾತ್ರ ಬಿಸಿಲಿನಿಂದ ಇಲ್ಲಿ ಚಳಿಗಾಲದಲ್ಲಿ ಸಿಗುವುದೇ ಇಲ್ಲ ಅನ್ನಬಹುದು. ಅದರಲ್ಲೂ ನಮ್ಮಂಥ ಕಂದು ಚರ್ಮದವರಿಗೆ. ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದಷ್ಟು ಮಾತ್ರೆ ತೆಗೆದುಕೊಂಡರೆ ಸರಿ.

ಜನರಿಗೆ

ಇದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಮುಖ್ಯವಾದದ್ದು. ಗಂಡಸರು ಆಟದ ನೆಪದಲ್ಲಿ ಸೇರುತ್ತಾರೆಯೇ ಹೊರತು "ಸುಮ್ನೆ ಬಾ, ಮಾತಾಡೋಣ" ಅಂತ ಒಬ್ಬರನ್ನೊಬ್ಬರು ಕರೆಯುವುದಿಲ್ಲ. ನೆಪ ಹೋದರೆ ಸ್ನೇಹವೂ ಹೋದ ಹಾಗೆ. ಆದ್ದರಿಂದ ನೆಪ ನಾನೇ ಒದಗಿಸಿದೆ. ಆಟದ ಕೊನೆಯ ಶನಿವಾರ ಮೈದಾನಕ್ಕೇ ಹೋಗಿ ನಾಲ್ಕೂ ಜನರಿಗೆ ಹೇಳಿದೆ: "ಮುಂದಿನ ಶನಿವಾರ, ಇದೇ ಹೊತ್ತಿಗೆ, ನಮ್ಮನೆಗೆ." ವಾರ, ಹೊತ್ತು ಎರಡೂ ಬದಲಾಗಬಾರದು ಅನ್ನುವುದು ನನ್ನ ಹಟ.

ಮೊದಲ ಶನಿವಾರ ಮೂವರೂ ಬಂದರು. ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿದ್ದೆ. ಲಾರಿ ಓಡಿಸುವವರು ಐದು ರೊಟ್ಟಿ ತಿಂದು "ಇದಕ್ಕೇನು ಹೆಸರು?" ಅಂತ ಬರೆದುಕೊಂಡರು. ತಿಂಡಿಯಾದ ಮೇಲೆ ನಾಲ್ವರೂ ನಡೆಯಲು ಹೋಗುತ್ತಾರೆ. ಮಾಸ್ತರ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರಂತೆ, ಅದು ನನಗೆ ತಿಳಿದದ್ದೇ ಆವತ್ತು. ಬೇಸಿಗೆಯುದ್ದಕ್ಕೂ ಜೊತೆ ಆಡಿದ ಇವರೂ ಒಂದು ದಿನ ಮನೆಯಲ್ಲಿ ಹೇಳಿರಲಿಲ್ಲ. ಅಂದರೆ ಚಳಿಗಾಲಕ್ಕೆ ಹೆದರುತ್ತಿದ್ದದ್ದು ನಮ್ಮ ಮನೆಯವರೊಬ್ಬರೇ ಅಲ್ಲ.

ಹೊರಗೆ ಹೋಗುವವರ ಫ್ಲಾಸ್ಕಿಗೆ ನಮ್ಮೂರ ಕಷಾಯ ತುಂಬಿ ಕೊಡುತ್ತೇನೆ. ಕೊತ್ತಂಬರಿ ಬೀಜ ಒಂದು ಬಟ್ಟಲು, ಜೀರಿಗೆ ಅರ್ಧ ಬಟ್ಟಲು, ಕಾಳುಮೆಣಸು ಎರಡು ಚಮಚ, ಹೆಬ್ಬೆರಳುದ್ದ ಒಣಶುಂಠಿ. ಬೇರೆ ಬೇರೆಯಾಗಿ ಬೆಚ್ಚಗೆ ಹುರಿದು ಪುಡಿ ಮಾಡಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕುದಿಸಿ, ಸ್ವಲ್ಪ ಹಾಲು ಬೆರೆಸಿ ಸೋಸಿದರೆ ಆಯಿತು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬೇಡ.

ಆಟಕ್ಕೂ ಒಂದಿಷ್ಟು

ಚಳಿಗೆ ಅಂಜದೆ ಆಡಿದವರೂ ಇದ್ದಾರೆ. ಮುಂಬಯಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ 1892ರಿಂದ 1896ರವರೆಗೆ ಅಮೆರಿಕದ ವರ್ಮಾಂಟಿನಲ್ಲಿದ್ದಾಗ, ಚೆಂಡಿಗೆ ಕೆಂಪು ಬಣ್ಣ ಬಳಿದು ಹಿಮದ ಮೇಲೇ ಗಾಲ್ಫ್ ಆಡುತ್ತಿದ್ದರೆಂದು ಹೇಳುತ್ತಾರೆ. ಗ್ರೀನ್‌ಲ್ಯಾಂಡಿನ ಉಮ್ಮಾನಾಕ್‌ನಲ್ಲಿ 1997ರಿಂದ ಮಂಜುಗಡ್ಡೆಯ ಮೇಲೆ ಗಾಲ್ಫ್ ಪಂದ್ಯ ನಡೆಸಿದರು, ಕಿತ್ತಳೆ ಬಣ್ಣದ ಚೆಂಡಿನಲ್ಲಿ. ನಮ್ಮ ದೇಶದಲ್ಲೇ ಕಾಶ್ಮೀರದ ಗುಲ್ಮಾರ್ಗಿನಲ್ಲಿ ಬೇಸಿಗೆಯಲ್ಲಿ ಗಾಲ್ಫ್, ಚಳಿಗಾಲದಲ್ಲಿ ಸ್ಕೀಯಿಂಗ್. 1876ರಿಂದ ಗಾಲ್ಫ್ ಕ್ಲಬ್ಬಿರುವ ಬೆಂಗಳೂರಿನವರೇ ಪುಣ್ಯವಂತರು, ಅವರಿಗೆ ವರ್ಷವಿಡೀ ಆಟ.

ನಮ್ಮ ಯಜಮಾನರು ಕಿಪ್ಲಿಂಗ್ ಅಲ್ಲ. ಅವರ ಆಟ ಈಗ ನಮ್ಮ ನಡುಮನೆಯಲ್ಲಿ. ಕಾರ್ಪೆಟ್ಟಿನ ಕೊನೆಗೆ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿ, ಹತ್ತು ಅಡಿಯಿಂದ ಚೆಂಡು ಉರುಳಿಸುವುದು. ಒಳಹೊಕ್ಕರೆ "ಟಣ್" ಅನ್ನುತ್ತದೆ. ಒಂದು ದಿನ ನನ್ನ ಕೈಗೂ ಕೋಲು ಕೊಟ್ಟರು. ಸೋತವರು ಪಾತ್ರೆ ತೊಳೆಯಬೇಕು ಅಂತ ಪಣ. ಮೊದಲ ವಾರ ನಾನೇ ತೊಳೆದೆ. ಮೂರನೆಯ ವಾರದಿಂದ ಇವರು ತೊಳೆಯುತ್ತಿದ್ದಾರೆ! ತಿಂಗಳಿಗೊಮ್ಮೆ, ಗಾಳಿ ತುಂಬಿ ಎತ್ತರಕ್ಕೆ ನಿಲ್ಲಿಸಿದ ದೊಡ್ಡ ಗುಡಾರದೊಳಗೆ ಸ್ನೇಹಿತರ ಜೊತೆ ಚೆಂಡು ಹೊಡೆದು ಬರುತ್ತಾರೆ. ಅದಕ್ಕೆ ದುಡ್ಡು ಜಾಸ್ತಿ, ಅದಕ್ಕೇ ತಿಂಗಳಿಗೊಂದೇ ಸಲ.

ಸಾಮಾನು ಎತ್ತಿಡುವುದಕ್ಕೂ ಒಂದು ಕ್ರಮವಿದೆ. ಕೋಲಿನ ತಲೆಯನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಮನೆಯೊಳಗೇ ಒಣ ಜಾಗದಲ್ಲಿಡಬೇಕು. ಹೊರಗಿನ ತೇವಕ್ಕೆ ತುಕ್ಕು ಹಿಡಿದು, ಚಳಿಗೆ ಹಿಡಿಯ ರಬ್ಬರು ಗಡುಸಾಗುತ್ತದೆ. ಚೀಲದ ಜೇಬುಗಳನ್ನು ಮರೆಯದೆ ಖಾಲಿ ಮಾಡಿ. ನನಗೆ ಒಮ್ಮೆ ಆಗಸ್ಟಿನ ಬಾಳೆಹಣ್ಣು ಸಿಕ್ಕಿತ್ತು. ಈ ಕೆಲಸವನ್ನು ಈಗ ಇಬ್ಬರೂ ಕೂತು ಮಾಡುತ್ತೇವೆ, ಕಾರಿನ ಕೋಣೆಯಲ್ಲಲ್ಲ, ಅಡುಗೆಮನೆಯಲ್ಲಿ.

ಲೆಕ್ಕ ಏನಾಯಿತು?

2023-24ರ ಚಳಿಗಾಲ ಇಲ್ಲಿ ದಾಖಲೆಯ ಬೆಚ್ಚನೆಯದು. ಹಿಮವೇ ಅಷ್ಟಾಗಿ ಬೀಳಲಿಲ್ಲ, ಮಾರ್ಚ್ ಮೊದಲಲ್ಲೇ ಕೆಲವು ಮೈದಾನ ತೆರೆದವು. ಆ ಫೆಬ್ರವರಿಯಲ್ಲಿ ಇವರ ಸಕ್ಕರೆ 7.1 ಬಂದಾಗ ನಾನು ಹಿಗ್ಗಲಿಲ್ಲ, ಹವೆಯ ಪುಣ್ಯ ಇರಬಹುದು ಅಂದುಕೊಂಡೆ. ಮುಂದಿನ ಚಳಿಗಾಲ ಚಳಿಯಾಗಿಯೇ ಬಂತು. ಆಗಲೂ 7.0. ಡಾಕ್ಟರು ಇನ್ಸುಲಿನ್ ಮಾತೆತ್ತಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನು ಮಾಡಿದೆ. "ಕಟ್ಟಿಗೆ ಒಣಗಿತ್ತು ಅನ್ನು" ಅಂದರು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಜನವರಿ ಕೊನೆಯ ದಿನಗಳು ಈಗಲೂ ಭಾರ. ಕೆಲವು ಬೆಳಿಗ್ಗೆ ಇವರು ಅದೇ ಕಿಟಕಿಯ ಪಕ್ಕ ನಿಲ್ಲುತ್ತಾರೆ. ನಾನು ಈಗ ಕಾಫಿ ಆರಿತು ಅಂತ ಕೂಗುವುದಿಲ್ಲ. ಎರಡು ಲೋಟ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಎರಡು ವಾರವಾದರೂ ಮುಖ ಅರಳದಿದ್ದರೆ, ಊಟ ನಿದ್ದೆ ಕೆಟ್ಟರೆ, "ನಾನಿದ್ದೇನು ಪ್ರಯೋಜನ" ಅನ್ನುವಂಥ ಮಾತು ಬಂದರೆ, ಹರಕೆ ಉಪವಾಸ ಅಂತ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ನಿಮ್ಮ ಮನೆಯಲ್ಲಿ ಗಾಲ್ಫ್ ಇಲ್ಲದಿರಬಹುದು. ಆದರೆ ನಿವೃತ್ತರಾಗಿ ಆಫೀಸಿಲ್ಲದ ಯಜಮಾನರಿರಬಹುದು, ಮಂಡಿನೋವಿನಿಂದ ಭಜನಾ ಮಂಡಳಿ ಬಿಟ್ಟ ಅತ್ತೆಯಿರಬಹುದು, ಮಳೆಗಾಲಕ್ಕೆ ವಾಕಿಂಗ್ ನಿಂತ ಮಾವನವರಿರಬಹುದು. "ಅದೊಂದು ಹೋದರೇನಂತೆ" ಅಂತ ನನ್ನ ಹಾಗೆ ಅವಸರದಲ್ಲಿ ಅಂದುಬಿಡಬೇಡಿ. ಒಂದು ಹಾಳೆ ತೆಗೆದು, ಎದುರು ಕೂರಿಸಿಕೊಂಡು, ಅದರ ಜೊತೆ ಇನ್ನೇನೇನು ಹೋಯಿತು ಅಂತ ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಹೋಗುವ ಮುಂಚೆಯೇ.

ಹೋದ ಏಪ್ರಿಲ್ಲಿನಲ್ಲಿ ಹಿಮ ಕರಗಿ ಬೇಲಿಯ ಬುಡದಲ್ಲಿ ಒಂದು ಬಿಳಿ ಚೆಂಡು ಕಾಣಿಸಿತು. ಇವರು ಅಂಗಳದಿಂದಲೇ ಕೂಗಿದರು, ಹೆಸರು ಹಿಡಿದು, ಬೀದಿಗೆಲ್ಲ ಕೇಳಿಸುವ ಹಾಗೆ. ಚಪ್ಪಲಿಯನ್ನೂ ಹಾಕದೆ ಓಡಿದೆ. ಮರುದಿನ ಮೈದಾನ ತೆರೆಯುವುದಿತ್ತು. ಶನಿವಾರದ ಅಕ್ಕಿರೊಟ್ಟಿ ಡಬ್ಬಿಗೆ ಕಟ್ಟಿಕೊಟ್ಟೆ, ನಾಲ್ಕು ಜನಕ್ಕಾಗುವಷ್ಟು.